ಭರಣಿ ಮಳೆಯ ಮಹಜರು

ಗುರುವಾರ ಸಾಕ್ಷ್ಯ ಕಾಯ್ದೆ. ಇವತ್ತು ಮಂಗಳವಾರ.
ಇನ್ನೂ ನೂರಾ ಎಂಬತ್ತು ಪುಟ,
ಹಾಸ್ಟೆಲ್ಲಿನ ಫ್ಯಾನು ತಿರುಗಿದಷ್ಟೂ ಸೆಕೆ.
ಕೇಳಿದ ಮಾತು ಸಾಕ್ಷಿಯಲ್ಲ, ಕಂಡವನೇ ಬಂದು ಹೇಳಬೇಕು
ಅನ್ನುವ ಸಾಲಿನ ಕೆಳಗೆ
ಮೂರನೇ ಸಲ ಗೆರೆ ಎಳೆಯುತ್ತಿದ್ದೆ,
ಹಾಳೆ ಹರಿಯಿತು.

ಕೆಳಗಿನಿಂದ ಮುಬೀನಾಳ ಹಾರ್ನು.
"ಬಾರೆ, ಜಗಳೂರು ಕಡೆ ಎದ್ದೈತೆ."
ಏನು ಎಂದು ಕೇಳಲಿಲ್ಲ.
ಮಂಡಕ್ಕಿ ಭಟ್ಟಿಯ ಮಗಳು ಅವಳು;
ಅಂಗಳದ ತುಂಬ ಭತ್ತ ಹರವುವ ಮನೆಯಲ್ಲಿ
ಮಕ್ಕಳು ಅಕ್ಷರಕ್ಕೂ ಮೊದಲು ಮೋಡ ಓದುತ್ತಾರೆ.
ಪೆನ್ನಿಗೆ ಮುಚ್ಚಳವನ್ನೂ ಹಾಕದೆ ಇಳಿದೆ.
ಕಿಟಕಿ?
ಕಿಟಕಿಯದು ಆಮೇಲಿನ ಮಾತು.

ಹೆದ್ದಾರಿಯ ಸರ್ವೀಸ್ ರಸ್ತೆ. ಆನಗೋಡು ದಾಟಿದರೆ
ಎದುರಿಗೇ ಮೋಡ.
ಹತ್ತಿ ಗಿರಣಿಯ ಊರಲ್ಲಿ ಓದುವವಳು, ಆದರೂ ಹತ್ತಿ ಎನ್ನಲಾರೆ;
ಒಲೆಯ ಮೇಲಿಟ್ಟು ಮರೆತ ಬಾಣಲೆಯ ತಳ,
ಅಂಚಿಗೆ ಅರಿಶಿನದ ಒಂದು ಕಲೆ.
ಒಳಗೊಳಗೇ ಮಿಂಚು, ಸದ್ದಿಲ್ಲದೆ,
ಯಾರೋ ದೀಪ ಹಚ್ಚಿ, ಆರಿಸಿ, ಮತ್ತೆ ಹಚ್ಚಿ
ಏನನ್ನೋ ಹುಡುಕುತ್ತಿರುವ ಹಾಗೆ.
ಮಿಂಚಿನಿಂದ ಗುಡುಗಿನವರೆಗೆ ಎಣಿಸಿದೆ.
ಹದಿನಾಲ್ಕಕ್ಕೆ ಬಂದಾಗ
ಲಾರಿಯೊಂದು ಲೆಕ್ಕ ನುಂಗಿತು.

ಭರಮಸಾಗರದ ಹತ್ತಿರ ಗಾಳಿ.
ಕೆಂಪು ಧೂಳು, ಜೋಳದ ರವದಿ, ಯಾರದೋ ಮದುವೆಯ ಫ್ಲೆಕ್ಸು;
ವಧೂವರರು ಕೈ ಹಿಡಿದುಕೊಂಡೇ ರಸ್ತೆ ದಾಟಿ
ಬೇಲಿಗೆ ಬಿದ್ದರು.
ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು
ಒಂದೊಂದಾಗಿ ಮುಖ ತಿರುಗಿಸಿದವು.
ಅವು ನೋಡಿದ ಕಡೆಗೇ ನಾವೂ ನೋಡಿದೆವು.

ಆಮೇಲೆ ಆಲಿಕಲ್ಲು. ಎಣಿಸಿದರೆ ನಲವತ್ತು.
ಹೆಲ್ಮೆಟ್ಟಿನ ಮೇಲೆ ಟಕ್, ಟಕ್,
ಮನೆ ತಪ್ಪಿ ಬಾಗಿಲು ಬಡಿದವರ ಹಾಗೆ.
ಒಂದನ್ನು ಹಿಡಿದೆ. ಬಟಾಣಿಗಿಂತ ತುಸು ದೊಡ್ಡದು,
ಒಳಗೊಂದು ಬಿಳಿ ಕಣ್ಣು.
"ಮುದ್ದೆಮಾಲು" ಅಂದೆ.
ಮುಬೀನಾ ಟಿಫಿನ್ ಡಬ್ಬಿ ತೆರೆದಳು.
ಸ್ಥಳ: ಪಂಚರ್ ಅಂಗಡಿಯ ತಗಡಿನ ಕೆಳಗೆ.
ಪಂಚರು: ನಾವಿಬ್ಬರೇ. ವೇಳೆ: ಐದೂ ಹತ್ತು.

ಅಷ್ಟೇ.
ಅಂಗಡಿಯ ಮುದುಕ ಟ್ಯೂಬು ನೀರಿಗದ್ದಿ
ಗುಳ್ಳೆ ನೋಡುತ್ತಿದ್ದವನು ತಲೆಯೆತ್ತದೆ ಹೇಳಿದ:
"ಅದು ನಿಮ್ಮೂರಿಗೇ ಹೋತಲ್ರವ್ವ."

ತಿರುಗಿ ಬಂದೆವು ಮಳೆಯ ಬೆನ್ನು ಹಿಡಿದು.
ಮೈಲಿ ಮೈಲಿಗೂ ರಸ್ತೆ ಇನ್ನಷ್ಟು ಒದ್ದೆ,
ನಾವು ಮಾತ್ರ ಒಣಗಿಯೇ.
ದಾವಣಗೆರೆಯಲ್ಲಿ ಮೊಣಕಾಲುದ್ದ ನೀರು, ಮುರಿದ ಬೇವು, ಕರೆಂಟಿಲ್ಲ.
ಭಟ್ಟಿಯಂಗಳದಲ್ಲಿ ಮುಬೀನಾಳ ಅಬ್ಬಾ
ತಾಡಪತ್ರಿಯ ಮೂಲೆಗೆ ಕಲ್ಲು ಹೇರುತ್ತಿದ್ದರು.
ಅರ್ಧ ಭತ್ತ ಉಳಿದಿತ್ತು. ಬೈಯಲಿಲ್ಲ.
"ಸಿಕ್ತಾ?" ಅಂದರು.
ಅವಳು ಚಪ್ಪಲಿ ಬಿಟ್ಟು ಸಲಿಕೆ ಹಿಡಿದಳು.

ಹಾಸ್ಟೆಲ್ಲಿನಲ್ಲಿ ಮೇಣದ ಬೆಳಕು.
ನನ್ನ ನೋಟ್ಸಿನ ಹಾಳೆಗಳನ್ನು ದಾಕ್ಷಾಯಣಿ
ಕ್ಲಿಪ್ಪು ಹಾಕಿ ಬಟ್ಟೆ ಹಗ್ಗಕ್ಕೆ ನೇತುಹಾಕಿದ್ದಾಳೆ;
ನೀಲಿ ಹನಿ ಒಂದೊಂದಾಗಿ ಅವಳ ಒಗೆದ ಲಂಗದ ಮೇಲೆ.
"ಎಲ್ಲಿ ಹಾಳಾಗಿ ಹೋಗಿದ್ದೆ? ನೀನು ನೋಡಬೇಕಿತ್ತು!
ಮೊಟ್ಟೆಯಷ್ಟು ಆಲಿಕಲ್ಲು! ನೀರಿನ ಟ್ಯಾಂಕು ಒಡೆಯಿತು,
ನಿಲ್ಲಲಿ ಅಂತ ಹಾಲಮ್ಮ ಅಡಿಗೆಮನೆಯಿಂದ
ಒನಕೆ ತಂದು ಅಂಗಳಕ್ಕೆ ಎಸೆದಳು!"

ಯಾವ ದಿಕ್ಕಿಂದ ಬಂತು?
ಎಷ್ಟು ಹೊತ್ತು?
ಮೊಟ್ಟೆಯಷ್ಟೇ? ನೀನೇ ಕಂಡೆಯಾ?
ಪಾಟೀಸವಾಲಿಗೆ ಜಗ್ಗುವ ಸಾಕ್ಷಿಯಲ್ಲ ಅವಳು.
ಹಾಸಿಗೆಯ ಅಂಚಿಗೆ ಕೂತು ಕೇಳಿದೆ, ಕೇಳುತ್ತಲೇ ಇದ್ದೆ.
ಡಬ್ಬಿ ತೆರೆದರೆ
ಚಮಚದಷ್ಟು ನೀರು, ಉಪ್ಪಿನಕಾಯಿಯ ವಾಸನೆ.

ರಾತ್ರಿಯಿಡೀ ಹಗ್ಗದ ಕೆಳಗೆ ನಿಂತೇ ಓದಿದೆ,
ಕತ್ತೆತ್ತಿ, ಮೋಡ ನೋಡುವವಳ ಹಾಗೆ.

ಬುಧವಾರ ಸಂಜೆ ಮತ್ತೆ ಹಾರ್ನು.
"ಹರಿಹರ ಕಡೆ ಎದ್ದೈತೆ. ಭತ್ತ ಒಳಗಿಟ್ಟೀವಿ,
ಅಬ್ಬಾನೇ ಕಳಿಸಿದ್ದು."
ಪರೀಕ್ಷೆ ನಾಳೆ ಕಣೇ, ಅಂದೆ ಕಿಟಕಿಯಿಂದ.
ಅಂದು,
ಮೊದಲು ಕಿಟಕಿ ಮುಚ್ಚಿದೆ.